ಮಂಗಳನನ್ನು ಮುಟ್ಟಿದೆವು, ಮೂಸಿದೆವೇ?

ಹೇಮಾವತಿ ನೀರು ನಿಂತ ಹೊಳೆನರಸೀಪುರದ ಭತ್ತದ ಗದ್ದೆ, ಮೆಲುಕು ಹಾಕುವ ದನ, ಹಿತ್ತಲ ಗೋಬರ್ ಗ್ಯಾಸ್ ಗುಂಡಿ: ಮೂರರಿಂದಲೂ ಏಳುವುದು ಮೀಥೇನ್. ಸೂಕ್ಷ್ಮಜೀವಿಗಳ ಕೆಲಸ ಅದು. ಮಂಗಳನ ಗಾಳಿಯಲ್ಲಿ ಮೀಥೇನ್ ಬಿಸಿಲಿಗೆ ಕೆಲವು ನೂರು ವರ್ಷಗಳಲ್ಲೇ ಒಡೆದುಹೋಗುತ್ತದೆ. ಈಗಲೂ ಅಲ್ಲಿ ಸಿಕ್ಕರೆ, ಏನೋ ಒಂದು ಅದನ್ನು ಹೊಸದಾಗಿ ಬಿಡುತ್ತಿದೆ ಎಂದಾಯಿತು. ಬಂಡೆ, ನೀರಿನ ರಸಾಯನವೂ ಇರಬಹುದು, ಜೀವವೂ ಇರಬಹುದು. 2013ರ ನವೆಂಬರ್ 5ರಂದು ಹೊರಟ ಮಂಗಳಯಾನದ ಐದು ಉಪಕರಣಗಳಲ್ಲಿ ಮೀಥೇನ್ ಸಂವೇದಕವೂ ಒಂದಾಗಿದ್ದು ಇದಕ್ಕೇ.

ಮೊದಲ ಯತ್ನದಲ್ಲೇ ತಲುಪಿದೆವು, 450 ಕೋಟಿಯಲ್ಲೇ ಮುಗಿಸಿದೆವು ಎಂದು ಹಾಡಿ ಹೊಗಳಿದ್ದಾಯಿತು. ಎರಡೂ ನಿಜ. (ಸಾಲಗಾಮೆ ರಸ್ತೆಯ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನಿಂದಲೇ ಅದನ್ನು ನಡೆಸಿದರೆಂದು ಹಾಸನದವರು ಬೀಗುವುದು ಬೇಡ, ಎಂಸಿಎಫ್ ಕಾಯುವುದು ಭೂಸ್ಥಿರ ಉಪಗ್ರಹಗಳನ್ನು. ಮಂಗಳನೊಡನೆ ಮಾತಾಡಿದ್ದು ಬೆಂಗಳೂರಿನಾಚೆಯ ಬ್ಯಾಲಾಳುವಿನ ಡಿಶ್.) ಆದರೆ ಆ ಸಂವೇದಕ ಮೀಥೇನ್ ಕಂಡಿತೇ ಎಂದು ಕೇಳಿದವರು ಕಡಿಮೆ.

ಕಾಣುವಂತೆಯೇ ಇರಲಿಲ್ಲ. ಮೀಥೇನ್ ಬೆಳಕನ್ನು ಹೀರುವ ಗೆರೆಗಳು ಬಲು ಸಣ್ಣವು, ಮಗ್ಗುಲಲ್ಲೇ ಇಂಗಾಲದ ಡೈಆಕ್ಸೈಡಿನ ಗೆರೆಗಳು. ಎರಡನ್ನೂ ಬೇರೆ ಮಾಡಲು ಬೇಕಾದ ವಿವರವನ್ನು ಸಂವೇದಕ ಉಳಿಸಿಕೊಳ್ಳದೆ ಒಟ್ಟುಗೂಡಿಸಿಬಿಡುತ್ತಿತ್ತು. ಕಡೆಗೆ ಅದನ್ನು ಮಂಗಳನ ನೆಲ ಎಷ್ಟು ಬೆಳಕು ಹಿಂದಿರುಗಿಸುತ್ತದೆ ಎಂಬ ನಕ್ಷೆ ಮಾಡಲು ಬಳಸಿದರು. ಇದು ಜನಕ್ಕೆ ತಿಳಿದದ್ದು 2016ರ ಡಿಸೆಂಬರ್‌ನಲ್ಲಿ, ಅದೂ ನಾಸಾದ ವಿಜ್ಞಾನಿಗಳ ಬಾಯಿಂದ. ಅದರ ಹಿಂದಿನ ತಿಂಗಳಷ್ಟೇ ಮಂಗಳಯಾನದ ಚಿತ್ರ ಹೊತ್ತ 2000 ರೂಪಾಯಿ ನೋಟು ಹೊರಬಂದಿತ್ತು.

ಉಪಕರಣ ಸೋತದ್ದನ್ನು ನಾನು ದೊಡ್ಡ ತಪ್ಪೆನ್ನಲಾರೆ. ನಮ್ಮ ಐದೂ ಸೇರಿ 15 ಕೆಜಿ. ನಾಸಾದ ಮಂಗಳ ರೋವರ್ ಕ್ಯೂರಿಯಾಸಿಟಿಯಲ್ಲಿ ಗಾಳಿ ಪರೀಕ್ಷಿಸುವ ಪ್ರಯೋಗಾಲಯವೊಂದೇ 40 ಕೆಜಿ. ತಪ್ಪಿರುವುದು ಸೋಲನ್ನು ನಾವೇ ಮೊದಲು ಬಿಡಿಸಿ ಹೇಳದಿದ್ದುದರಲ್ಲಿ. ಈ ಹುಡುಕಾಟದಲ್ಲಿ ‘ಇಲ್ಲ’ ಎಂಬ ಉತ್ತರಕ್ಕೂ ಬೆಲೆಯುಂಟು, ಆದರೆ ಅದನ್ನು ಹೇಳಬಲ್ಲ ಉಪಕರಣ ಬೇಕು. ಕ್ಯೂರಿಯಾಸಿಟಿ ಗೇಲ್ ಕುಳಿಯಲ್ಲಿ ಮೀಥೇನ್ ಕಂಡೆ ಎನ್ನುತ್ತದೆ. ಯುರೋಪು, ರಷ್ಯಾಗಳ ಟ್ರೇಸ್ ಗ್ಯಾಸ್ ಆರ್ಬಿಟರ್ ಮೇಲಿಂದ ನೋಡಿ, ಲಕ್ಷ ಕೋಟಿಗೆ 50ರಷ್ಟೂ ಇಲ್ಲ ಎನ್ನುತ್ತದೆ. ಈ ತಕರಾರು ಇನ್ನೂ ಹರಿದಿಲ್ಲ.

ಡೀಮೋಸ್‌ನ ಆಚೆ ಮಗ್ಗುಲಿನ ಚಿತ್ರ, ಮೇಲಿನ ವಾತಾವರಣದ ಆರ್ಗಾನ್ ಅಳತೆ ಮಂಗಳಯಾನದ ಗಟ್ಟಿ ಗಳಿಕೆಗಳು. ಮೀಥೇನಿನ ತಕರಾರಿನಲ್ಲಿ ಮಾತ್ರ ನಮ್ಮ ಸಾಕ್ಷಿ ಇಲ್ಲ.