ನೀರಿಗೆ ಬೇಲಿ ಹಾಕದ ಪಾರ್ಕು

ನದಿ ದಂಡೆಯ ಉದ್ಯಾನವೊಂದು ಮಕ್ಕಳಿಗೆ ಒಗ್ಗುತ್ತದೋ ಇಲ್ಲವೋ ಎಂದು ನೋಡುವಾಗ ನಾವು ಜೋಕಾಲಿ, ಜಾರುಬಂಡೆ, ಐಸ್‌ಕ್ರೀಮ್ ಅಂಗಡಿ, ಶೌಚಾಲಯಗಳ ಲೆಕ್ಕ ಹಾಕುತ್ತೇವೆ. ಇವೆಲ್ಲ ಬೇಕು, ಆದರೆ ಯಾವ ಬಡಾವಣೆಯ ಪಾರ್ಕಿನಲ್ಲೂ ಸಿಗುತ್ತವೆ. ನದಿಯ ಹತ್ತಿರ ಹೋದ ಮಗುವಿಗೆ ನದಿಯೇ ಸಿಗಬೇಕು: ಕಾಲು ನೆನೆಯಬೇಕು, ಕಲ್ಲಿನಡಿ ಮೀನಿನ ಮರಿ ಸರ್ರನೆ ನುಸುಳಿಹೋಗುವುದು ಕಾಣಬೇಕು. ಈ ಅಳತೆಗೋಲು ಹಿಡಿದರೆ ಸಿಂಗಪುರದ ಬಿಶಾನ್–ಆಂಗ್ ಮೊ ಕಿಯೊ ಪಾರ್ಕಿಗೆ ಸಾಟಿಯಾದವು ತೀರಾ ಕಡಿಮೆ. ಸಿಂಗಪುರಕ್ಕೆ ಪ್ರವಾಸ ಹೋಗುವ ನಮ್ಮ ಕುಟುಂಬಗಳು ಸೆಂಟೋಸ, ಯೂನಿವರ್ಸಲ್ ಸ್ಟುಡಿಯೋಸ್ ಮುಗಿಸಿ ವಿಮಾನ ಹತ್ತುತ್ತವೆ. ಟಿಕೆಟ್ಟೇ ಇಲ್ಲದ ಈ 62 ಹೆಕ್ಟೇರಿಗೂ ಒಂದು ಸಂಜೆ ಮೀಸಲಿಡಬೇಕೆಂಬುದು ನನ್ನ ಒತ್ತಾಯ.

ಇಲ್ಲಿ ಹರಿಯುವ ಕಲ್ಲಾಂಗ್ ಸಿಂಗಪುರದ ಅತಿ ಉದ್ದದ ನದಿ. ನೆರೆಗೆ ಹೆದರಿ ಅದನ್ನು ಕಾಂಕ್ರೀಟ್ ಕಾಲುವೆಯೊಳಗೆ ಹಾಕಿದ್ದರು. 1988ರಲ್ಲಿ ಪಾರ್ಕು ಬಂದ ಮೇಲೂ ನದಿ ಅದರ ಪಕ್ಕದಲ್ಲಿ ದೊಡ್ಡ ಚರಂಡಿಯಾಗಿಯೇ ಉಳಿದಿತ್ತು. 2009ರಿಂದ 2012ರವರೆಗಿನ ಕಾಮಗಾರಿಯಲ್ಲಿ 2.7 ಕಿಲೋಮೀಟರ್ ಕಾಲುವೆಯನ್ನು ಒಡೆದು, ಸುಮಾರು 3 ಕಿಲೋಮೀಟರ್ ಅಂಕುಡೊಂಕಾಗಿ ಹರಿಯುವ ನದಿಯನ್ನು ಪಾರ್ಕಿನ ಒಳಕ್ಕೇ ತಂದರು. ದಡ ಕೊಚ್ಚಿಹೋಗದಂತೆ ಹಿಡಿದಿರುವುದು ಕಲ್ಲು ತುಂಬಿದ ತಂತಿಬುಟ್ಟಿ, ಕಟ್ಟು ಕಟ್ಟಿ ಹೂತ ಹಸಿ ಕೊಂಬೆಗಳು, ಅವು ಚಿಗುರಿ ಬಿಟ್ಟ ಬೇರು. ಮೊದಲು ಒಂದು ಸಣ್ಣ ಚರಂಡಿಯ ಮೇಲೆ ಪ್ರಯೋಗ ಮಾಡಿ, ಗಟ್ಟಿ ನಿಂತ ವಿಧಾನಗಳನ್ನಷ್ಟೇ ನದಿಗೆ ಬಳಸಿದ್ದಾರೆ. ಒಡೆದ ಕಾಂಕ್ರೀಟ್ ಚಪ್ಪಡಿಗಳನ್ನು ಪೇರಿಸಿ ಪುಟ್ಟ ಗುಡ್ಡ ಮಾಡಿದ್ದಾರೆ. ಮಕ್ಕಳು ಹತ್ತಿ ಇಳಿಯುವುದು ಹಳೆಯ ಕಾಲುವೆಯ ಗೋಡೆಗಳನ್ನೇ. ನೀರುನಾಯಿಗಳು ಯಾರೂ ತಂದು ಬಿಡದೆ ತಾವಾಗಿ ಬಂದು ಇಲ್ಲಿ ಸಂಸಾರ ಹೂಡಿದವು.

ತುಂಬಿ ಬರುವ ನದಿಗೆ ಬೇಲಿ ಇಲ್ಲದಿದ್ದರೆ ಮಕ್ಕಳ ಗತಿಯೇನು ಎಂಬುದು ನ್ಯಾಯವಾದ ಪ್ರಶ್ನೆ. ಸಿಂಗಪುರದ ಮಳೆ ಹೇಳಿ ಕೇಳಿ ಬರುವಂಥದ್ದಲ್ಲ. ಆದರೆ ಕಡಿದಾದ ಗೋಡೆಗಳ ಕಾಲುವೆಯಲ್ಲಿ ನೀರು ನೇರ ಮೇಲೇರುತ್ತದೆ, ಬಿದ್ದವರಿಗೆ ಹತ್ತಲು ಹಿಡಿತವಿಲ್ಲ. ಇಳಿಜಾರಿನ ಹುಲ್ಲುದಂಡೆಯಲ್ಲಿ ನೀರು ಪಕ್ಕಕ್ಕೆ ಹರಡುತ್ತದೆ, ಆದ್ದರಿಂದ ನಿಧಾನವಾಗಿ ಏರುತ್ತದೆ. ಜನ ನಡೆದೇ ಮೇಲೆ ಬರಬಹುದು. ಹಿಂದೆ 17ರಿಂದ 24 ಮೀಟರ್ ಅಗಲವಿದ್ದ ಹರಿವಿಗೆ ಈಗ ಸುಮಾರು 100 ಮೀಟರ್ ಹರಡುವಷ್ಟು ಜಾಗವಿದೆ, ನೆರೆ ಸಾಗಿಸುವ ಸಾಮರ್ಥ್ಯ ಸುಮಾರು ಶೇ 40 ಹೆಚ್ಚಿದೆ. ಜೊತೆಗೆ ನೀರಿನ ಮಟ್ಟ ಅಳೆಯುವ ಸಂವೇದಕ, ಸೈರನ್, ಮಿನುಗುವ ದೀಪ, ದಂಡೆಯಲ್ಲಿ ಜೀವರಕ್ಷಕ ಬಳೆಗಳಿವೆ. ಅಪಾಯ ಪೂರ್ತಿ ಹೋಗಿಲ್ಲ, ಮೋಡ ಕಂಡರೆ ದೊಡ್ಡವರು ಮಕ್ಕಳ ಕೈಹಿಡಿದು ಮೇಲೆ ಬರಲೇಬೇಕು. ಬೇಲಿಯೊಂದನ್ನೇ ನಂಬುವುದಕ್ಕಿಂತ ಈ ವ್ಯವಸ್ಥೆ ಮೇಲು ಎನ್ನುವುದರಲ್ಲಿ ನನಗೆ ಸಂಶಯವಿಲ್ಲ.

ಶ್ರೀಮಂತ ದೇಶದ ಮಾತು ನಮಗೇಕೆ ಎನ್ನುವವರು ಹಣದ ಕಡೆ ನೋಡುತ್ತಾರೆ. ನಾನು ಕಾಲದ ಕಡೆ ನೋಡುತ್ತೇನೆ. ಅದೇ 2012ರಲ್ಲಿ ಅಹಮದಾಬಾದಿನ ಸಾಬರಮತಿ ದಂಡೆಯೂ ಜನರಿಗೆ ತೆರೆಯಿತು. ವಿಹಾರಕ್ಕೆ ಅದು ವಿಶಾಲವಾಗಿದೆ, ಸಂಜೆ ಕುಟುಂಬಗಳು ಕಿಕ್ಕಿರಿಯುತ್ತವೆ. ಆದರೆ ನದಿಯನ್ನು ಗೋಡೆಗಳ ನಡುವೆ ನಿಲ್ಲಿಸಿ ನರ್ಮದೆಯ ಕಾಲುವೆ ನೀರು ತುಂಬಿಸಿದ್ದಾರೆ. ಅಂದರೆ ನಾವೂ ಖರ್ಚು ಮಾಡಬಲ್ಲೆವು, ವ್ಯತ್ಯಾಸವಿರುವುದು ಕೊಟ್ಟ ಕಾಲದಲ್ಲಿ. ಸಿಂಗಪುರದವರು ಕಲ್ಲಾಂಗ್ ಕೊಳ್ಳವನ್ನೂ ಸಿಂಗಪುರ ನದಿಯನ್ನೂ 1977ರಿಂದ ಹತ್ತು ವರ್ಷ ಹಿಡಿದು ಶುಚಿ ಮಾಡಿದರು. ಮಳೆನೀರಿನ ಕಾಲುವೆಯೇ ಬೇರೆ, ಒಳಚರಂಡಿಯೇ ಬೇರೆ ಎಂಬ ಶಿಸ್ತು ಗಟ್ಟಿಯಾದ ಮೇಲಷ್ಟೇ ಕಾಂಕ್ರೀಟ್ ಒಡೆಯುವ ಧೈರ್ಯ ಬಂದದ್ದು. ಬೆಂಗಳೂರಿನ ರಾಜಕಾಲುವೆಗಳಿಗೆ, ವೃಷಭಾವತಿ ನದಿಗೆ ಶೌಚದ ನೀರು ಸೇರುವವರೆಗೆ ಅವುಗಳ ದಂಡೆಯಲ್ಲಿ ಎಷ್ಟೇ ಬೆಂಚು, ದೀಪ ಹಾಕಿದರೂ ಮಗುವನ್ನು ನೀರಿಗಿಳಿಸಲಾಗದು. ಅಲ್ಲಿ ದಂಡೆಯ ಅಂದಕ್ಕೆ ಎತ್ತಿಟ್ಟ ಹಣದ ಮೊದಲ ಪಾಲು ಒಳಚರಂಡಿಯ ಪೈಪಿಗೇ ಹೋಗಬೇಕು.