ನಾಗಚಂದ್ರನ ಲಂಕೆ: ಶತ್ರುಸಂಸ್ಕೃತಿಯ ಚಿತ್ರಣ

ಕಲ್ಪಿತ ಲೋಕದ ಪಾತ್ರಗಳಾಗಿ ಆಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ (1974) ಎಂಬ ಆಟವು ಓರ್ಕ್ ಎಂಬ ಕುಲವನ್ನು ಬಹುಕಾಲ ದುಷ್ಟಕುಲವೆಂದೇ ಚಿತ್ರಿಸಿತು. ಅದನ್ನು ತಿದ್ದುವುದಾಗಿ ಪ್ರಕಾಶಕರು ಹೇಳಿದ್ದು 2020ರಲ್ಲಿ. ಹೈದರಾಬಾದಿನ ನಮ್ಮ ತರಗತಿಯಲ್ಲಿ ಈ ಮಾತು ಬಂದಾಗ ನನಗೆ ನೆನಪಾದವನು ಅಭಿನವಪಂಪ ನಾಗಚಂದ್ರ.

ವಿಮಲಸೂರಿಯ ಪ್ರಾಕೃತ ಪರಂಪರೆಗೆ ಸೇರಿದ ಅವನ ‘ರಾಮಚಂದ್ರಚರಿತಪುರಾಣ’ದಲ್ಲಿ ರಾಕ್ಷಸರೆಂದರೆ ವಿದ್ಯಾಧರರ ಒಂದು ವಂಶ, ವಾನರರು ಕಪಿಧ್ವಜವುಳ್ಳ ಇನ್ನೊಂದು ವಂಶ. ರಾವಣನು ಒಲ್ಲದ ಪರವನಿತೆಯನ್ನು ಮುಟ್ಟೆನೆಂದು ವ್ರತ ತೊಟ್ಟವನು. ಸೀತೆಯ ದೃಢತೆಯನ್ನು ಕಂಡು ಅವನ ಮನಸ್ಸು ತಿರುಗುತ್ತದೆ, ಆದರೆ ಈಗಲೇ ಒಪ್ಪಿಸಿದರೆ ಅಂಜಿದನೆನ್ನುವರೆಂದು, ಗೆದ್ದ ಮೇಲೆ ಮರಳಿಸಲು ನಿಶ್ಚಯಿಸಿ ಯುದ್ಧಕ್ಕಿಳಿಯುತ್ತಾನೆ, ಲಕ್ಷ್ಮಣನಿಂದ ಹತನಾಗುತ್ತಾನೆ. ಬಿ.ಎಂ. ಶ್ರೀಕಂಠಯ್ಯನವರು ಇವನಲ್ಲಿ ದುರಂತನಾಯಕನನ್ನು ಕಂಡರು. ಆ ಮೆಚ್ಚುಗೆ ನ್ಯಾಯವಾದುದೇ.

ಆದರೆ ಈ ಘನತೆ ಎಲ್ಲಿಂದ ಬಂದಿತೆಂದು ನಾವು ಸಾಕಷ್ಟು ಕೇಳಿಲ್ಲ. ರಾವಣನ ವ್ರತ ಜೈನವ್ರತ. ಬಹುರೂಪಿಣೀ ವಿದ್ಯೆಯನ್ನು ಸಾಧಿಸಲು ಅವನು ಕುಳಿತುಕೊಳ್ಳುವುದು ಶಾಂತಿನಾಥನ ಜಿನಾಲಯದಲ್ಲಿ. ಕವಿ ಶತ್ರುವನ್ನು ತನ್ನ ಧರ್ಮದೊಳಗೆ ಕರೆತಂದು, ಬಳಿಕ ಗೌರವಿಸಿದ್ದಾನೆ. ಓರ್ಕನನ್ನು ಚಿತ್ರಿಸಿದ ಕ್ರೌರ್ಯ ಇಲ್ಲಿಲ್ಲ, ನಿಜ. ಹಾಗೆಂದು ಇದನ್ನು ಅನ್ಯಸಂಸ್ಕೃತಿಯ ಚಿತ್ರಣವೆನ್ನಲು ನಾನು ಹಿಂಜರಿಯುತ್ತೇನೆ: ಈ ಲಂಕೆಯಲ್ಲಿ ಕವಿಯ ಶ್ರಾವಕ ಓದುಗನಿಗೆ ಅಪರಿಚಿತವೆನಿಸುವ ದೇವರಾಗಲಿ ಆಚಾರವಾಗಲಿ ಹೆಚ್ಚೇನೂ ಉಳಿದಿಲ್ಲ.