ಹೊರಬಂದವರು, ಒಳಗುಳಿದವರು: ‘ಬೈ ಔಟ್’ ಎಂಬ ಮಾತಿನ ಲೆಕ್ಕ

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೆಲಸ ಬದಲಿಸುವವರ ಬಾಯಲ್ಲಿ ‘ನೋಟಿಸ್ ಪೀರಿಯಡ್ ಬೈಔಟ್’ ಎಂಬ ಮಾತು ಸದಾ ಓಡಾಡುತ್ತಿರುತ್ತದೆ. ರಾಜೀನಾಮೆ ಕೊಟ್ಟ ಮೇಲೂ ದುಡಿದು ತೀರಿಸಬೇಕಾದ ಎರಡು ಮೂರು ತಿಂಗಳಿಗೆ ಸಂಬಳದ ಲೆಕ್ಕದಲ್ಲಿ ಹಣ ಕಟ್ಟಿ, ರಿಲೀವಿಂಗ್ ಲೆಟರ್ ಪಡೆದು ಹೊರಡುವುದು ಎಂದು ಅದರ ಅರ್ಥ. ಎಷ್ಟೋ ಸಲ ಆ ಹಣವನ್ನು ಹೊಸ ಕಂಪನಿಯೇ ಕೊಡುತ್ತದೆ. ಪತ್ರಿಕೆಯ ವಾಣಿಜ್ಯ ಪುಟದಲ್ಲಿ ಮಾತ್ರ ‘ಬೈಔಟ್’ ಎಂದರೆ ಬೇರೆ: ಷೇರುಗಳನ್ನು ಕೊಂಡು ಹಳೆಯ ಒಡೆಯರನ್ನು ಕಂಪನಿಯಿಂದ ಆಚೆ ಕಳಿಸುವುದು. ಈ ವಾಣಿಜ್ಯದ ಅರ್ಥವೇ ಮೂಲ, ನೌಕರರ ಬಳಕೆ ಎಚ್‌ಆರ್ ವಿಭಾಗದವರು ಅದರಿಂದ ಹೊಸೆದದ್ದು ಎಂದು ಯಾರಿಗಾದರೂ ತೋರಬಹುದು. ನಿಜವಾಗಿ, ಹಣ ತೆತ್ತು ಸೇವೆಯಿಂದ, ಶಿಕ್ಷೆಯಿಂದ, ಬಂಧನದಿಂದ ಬಿಡಿಸಿಕೊಳ್ಳುವುದು ಎಂಬ ಅರ್ಥಕ್ಕೇ ಇಂಗ್ಲಿಷಿನಲ್ಲಿ ನಾಲ್ಕು ಶತಮಾನಗಳಿಗೂ ಮಿಕ್ಕ ವಯಸ್ಸು. ಆತ್ಮದ ವಿಮೋಚನೆಯಿಂದ ಷೇರಿನ ವಹಿವಾಟಿಗೆ ಇಳಿದ ಪತನದ ಕಥೆಯಾಗಿ ಈ ಮಾತಿನ ಚರಿತ್ರೆಯನ್ನು ಹೇಳುವುದು ಸುಲಭ. ಆ ಕಥೆಯನ್ನು ನಾನು ಒಪ್ಪುವುದಿಲ್ಲ. ಮಾತಿನ ಸುತ್ತಲಿನ ಲೋಕ ಬದಲಾಗಿದೆ, ಅದು ಬರೆದಿಡುವ ಲೆಕ್ಕ ಬದಲಾಗಿಲ್ಲ. ಯಾರು ಹೊರಬಂದರು, ಎಷ್ಟು ಕೊಟ್ಟರು ಎಂಬುದನ್ನು ಅದು ಅಂದಿನಿಂದಲೂ ಹೇಳುತ್ತದೆ. ಒಳಗೆ ಯಾರು ಉಳಿದರು ಎಂಬುದನ್ನು ಅಂದಿನಿಂದಲೂ ಹೇಳುವುದಿಲ್ಲ.

ಈ ಮಾತಿನ ನೆರೆಹೊರೆಯನ್ನು ಮೊದಲು ನೋಡಬೇಕು. ‘ಮರಳಿ ಕೊಳ್ಳು’ ಎಂಬ ಲ್ಯಾಟಿನ್ ಕ್ರಿಯಾಪದದಿಂದ ಹುಟ್ಟಿದ ಒಂದೇ ನಾಮಪದ ಎರಡು ದಾರಿಯಲ್ಲಿ ಇಂಗ್ಲಿಷಿಗೆ ಬಂದಿತು. ಹಳೆಯ ಫ್ರೆಂಚರ ಬಾಯಲ್ಲಿ ಸವೆದು ಬಂದದ್ದು ‘ರ‍್ಯಾನ್ಸಮ್’ ಆಯಿತು, ಹೆಚ್ಚು ಸವೆಯದೆ ಬಂದದ್ದು ‘ರಿಡೆಂಪ್ಷನ್’ ಆಯಿತು. ಒಂದು ಸೆರೆಹಿಡಿದವನ ಪಾಲಿಗೆ ಹೋಯಿತು, ಇನ್ನೊಂದು ಚರ್ಚಿನ ಪಾಲಿಗೆ. ಪೌಲನು ಗಲಾತ್ಯದವರಿಗೆ ಬರೆದ ಗ್ರೀಕ್ ಪತ್ರದಲ್ಲಿ ವಿಮೋಚನೆಗೆ ಬಳಸಿದ ಕ್ರಿಯಾಪದವನ್ನು ಬಿಡಿಸಿ ನೋಡಿದರೂ ಸಿಗುವುದು ‘ಸಂತೆಯಿಂದ ಕೊಂಡು ಹೊರತರು’ ಎಂಬ ಅರ್ಥವೇ. ಅಂದರೆ ಪವಿತ್ರವಾದ ಮಾತು ಆಮೇಲೆ ಸಂತೆಗೆ ಇಳಿದದ್ದಲ್ಲ. ಅದು ಸಂತೆಯಲ್ಲೇ ಹುಟ್ಟಿ ದೇವಾಲಯಕ್ಕೆ ಹೋದದ್ದು. ‘ರಿಡೆಂಪ್ಷನ್’ ಎಂಬ ಗಂಭೀರ ಪದದಲ್ಲಿ ಬೆಲೆ ಮರೆಯಾಗಿದೆ. ‘ಬೈ ಔಟ್’ ಎಂಬ ಒರಟು ಮಾತಿನಲ್ಲಿ ಅದು ಕಣ್ಣಿಗೆ ಕಾಣುವಂತೆ ಉಳಿದಿದೆ. ಈ ಮಟ್ಟಿಗೆ ಇದು ತನ್ನ ನೆಂಟರಿಗಿಂತ ಪ್ರಾಮಾಣಿಕವಾದ ಮಾತು.

ಶೇಕ್ಸ್‌ಪಿಯರನ ನಾಟಕಗಳಲ್ಲಿ ಇದರ ಹರವು ಪೂರ್ತಿಯಾಗಿ ಕಾಣುತ್ತದೆ. ‘ಕಾಮಿಡಿ ಆಫ್ ಎರರ್ಸ್’ನಲ್ಲಿ ಸಾವಿರ ಮಾರ್ಕ್ ಹಣ ಹೊಂದಿಸಲಾಗದ ಮುದುಕ ವರ್ತಕ ಜೀವವನ್ನೇ ತೆರಬೇಕಾಗಿದೆ, ಅವನ ಪ್ರಾಣದ ಮಾತಿಗೆ ಈ ಕ್ರಿಯಾಪದ ಬರುತ್ತದೆ. ‘ಕಿಂಗ್ ಜಾನ್’ನಲ್ಲಿ ಹಣದಿಂದ ಕಳೆದುಕೊಳ್ಳಬಹುದಾದ ಶಾಪಕ್ಕೆ, ‘ಹ್ಯಾಮ್ಲೆಟ್’ನಲ್ಲಿ ಪಾಪದಿಂದ ಗಳಿಸಿದ್ದನ್ನೇ ಕೊಟ್ಟು ಕೊಳ್ಳುವ ಕಾನೂನಿಗೆ ಇದೇ ಮಾತು. ಎಲ್ಲಕ್ಕಿಂತ ಬೆಲೆಯುಳ್ಳ ಸಾಕ್ಷ್ಯವೆಂದರೆ 1598ರಲ್ಲಿ ಅಚ್ಚಾದ ‘ನಾಲ್ಕನೇ ಹೆನ್ರಿ’ಯ ಮೊದಲ ಭಾಗದ ಫಾಲ್‌ಸ್ಟಾಫ್. ಅವನು ಸೈನ್ಯಕ್ಕೆ ಬೇಕೆಂದೇ ಅನುಕೂಲಸ್ಥ ರೈತರ ಮಕ್ಕಳನ್ನು, ಮದುವೆ ಗೊತ್ತಾದ ಹುಡುಗರನ್ನು ಹಿಡಿಯುತ್ತಾನೆ. ಅವರು ಹಣ ಕೊಟ್ಟು ಸೇವೆಯಿಂದ ಕಳಚಿಕೊಳ್ಳುತ್ತಾರೆ. ನೂರೈವತ್ತು ಸೈನಿಕರ ಬದಲಿಗೆ ಮುನ್ನೂರು ಚಿಲ್ಲರೆ ಪೌಂಡು ಜೇಬಿಗೆ ಬಂತೆಂದು ಅವನೇ ಲೆಕ್ಕ ಒಪ್ಪಿಸುತ್ತಾನೆ. ಖಾಲಿಯಾದ ಜಾಗಕ್ಕೆ ಚಿಂದಿ ಉಟ್ಟ ನಿರ್ಗತಿಕರು ತುಂಬುತ್ತಾರೆ. ಅವರು ಮದ್ದುಗುಂಡಿಗೆ ಮೇವು ಎಂದು ಅವನಿಗೆ ಚೆನ್ನಾಗಿ ಗೊತ್ತು. ನಾಟಕಕಾರನ ಹೆಚ್ಚುಗಾರಿಕೆ ಇರುವುದು ಈ ಕೊನೆಯ ಸಾಲಿನಲ್ಲಿ. ಕ್ರಿಯಾಪದ ಮುಚ್ಚಿಟ್ಟ ಮೂರನೆಯವನನ್ನು ಅವನು ರಂಗದ ಮೇಲೆ ನಡೆಸಿ ತೋರಿಸುತ್ತಾನೆ.

ನಾಟಕದ ಈ ಲಂಚವನ್ನು ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಕಾನೂನೇ ಮಾಡಿದರು. 1863ರ ಮಾರ್ಚ್‌ನ ಸೈನ್ಯ ಭರ್ತಿ ಕಾಯ್ದೆಯಂತೆ ಚೀಟಿಯಲ್ಲಿ ಹೆಸರು ಬಂದವನು 300 ಡಾಲರ್ ಕಟ್ಟಿ ಪಾರಾಗಬಹುದಿತ್ತು, ಇಲ್ಲವೇ ಬದಲಿಗೆ ಒಬ್ಬನನ್ನು ಕಳಿಸಬಹುದಿತ್ತು. ಆ ಜುಲೈನಲ್ಲಿ ನ್ಯೂಯಾರ್ಕ್ ಹೊತ್ತಿ ಉರಿಯಿತು. ಯುದ್ಧ ಶ್ರೀಮಂತರದು, ಹೋರಾಟ ಬಡವರದು ಎಂಬ ಸಿಟ್ಟಿನಿಂದ ಎದ್ದ ಗುಂಪು ಕಡೆಗೆ ತನಗಿಂತ ನಿರ್ಬಲರಾದ ಕಪ್ಪುಜನರ ಮೇಲೆಯೇ ಬಿತ್ತು. ಮುಂದೆ ಅಧ್ಯಕ್ಷನಾದ ಗ್ರೋವರ್ ಕ್ಲೀವ್‌ಲ್ಯಾಂಡ್ 150 ಡಾಲರ್ ಕೊಟ್ಟು ಬದಲಿ ಆಳನ್ನು ಕಳಿಸಿದವನು. ಅವನ ಹೆಸರು ಎಲ್ಲರಿಗೂ ಗೊತ್ತು. ಬದಲಿಗೆ ಹೋದ ವಲಸಿಗನ ಹೆಸರಿನ ಕಾಗುಣಿತ ಮಾತ್ರ ಒಂದೊಂದು ಪುಸ್ತಕದಲ್ಲಿ ಒಂದೊಂದು ಬಗೆ. ಇಲ್ಲಿ ಒಂದು ಆಕ್ಷೇಪಕ್ಕೆ ಜಾಗ ಕೊಡಬೇಕು. ಆ 300 ಡಾಲರ್ ಬಡವರ ವೈರಿಯಲ್ಲ, ಬದಲಿ ಆಳಿನ ಬೆಲೆ ಅದಕ್ಕಿಂತ ಮೇಲೇರದಂತೆ ತಡೆದ ಮಿತಿ ಎನ್ನುವ ಇತಿಹಾಸಕಾರರಿದ್ದಾರೆ. 1864ರಲ್ಲಿ ಆ ಸೌಲಭ್ಯವನ್ನು ಬಹುಮಟ್ಟಿಗೆ ತೆಗೆದ ಮೇಲೆ ಬದಲಿಗಳ ದರ ಏರಿತು ಎಂಬುದೂ ನಿಜ. ಆದರೆ ಈ ವಾದ ಉತ್ತರಿಸುವುದು ಹೊರಬರುವ ಬಾಗಿಲು ಎಷ್ಟು ಅಗಲವಾಗಿರಬೇಕು ಎಂಬ ಪ್ರಶ್ನೆಗೆ. ಪ್ರತಿಯೊಂದು ಬಿಡುಗಡೆಯ ಹಿಂದೆಯೂ ಭರ್ತಿಯಾಗಲೇಬೇಕಾದ ಒಂದು ಜಾಗ ಇತ್ತು ಎಂಬುದನ್ನು ಅದು ಅಲ್ಲಗಳೆಯುವುದಿಲ್ಲ.

ಗುಲಾಮಗಿರಿಯ ಪ್ರಸಂಗಕ್ಕೆ ಬಂದರೆ ಪ್ರಶ್ನೆ ಇನ್ನೂ ಮೊನಚಾಗುತ್ತದೆ. ಬ್ರಿಟಿಷ್ ಪಾರ್ಲಿಮೆಂಟು 1833ರ ಕಾಯ್ದೆಯಿಂದ ಗುಲಾಮಗಿರಿಯನ್ನು ರದ್ದುಮಾಡಿದಾಗ 2 ಕೋಟಿ ಪೌಂಡ್ ಪರಿಹಾರ ಗೊತ್ತುಮಾಡಿತು. ಪರಿಹಾರ ಹೋದದ್ದು ಒಡೆಯರಿಗೆ. ಗುಲಾಮರಿಗೆ ಬಿಡಿಗಾಸೂ ಇಲ್ಲ. ಅದಕ್ಕಾಗಿ ಎತ್ತಿದ ಸಾಲದ ಕೊನೆಯ ಬಾಕಿ ತೀರಿದ್ದು 2015ರಲ್ಲಿ. ಅಷ್ಟಕ್ಕೂ ಬಿಡುಗಡೆ ಕೂಡಲೇ ಆಗಲಿಲ್ಲ. 1834ರಿಂದ ಅವರು ‘ಅಪ್ರೆಂಟಿಸ್’ಗಳೆಂಬ ಹೆಸರಿನಲ್ಲಿ ಅದೇ ತೋಟಗಳಲ್ಲಿ ಬಿಟ್ಟಿ ದುಡಿಯಬೇಕಾಯಿತು. ಅವಧಿಗೆ ಮೊದಲೇ ಹೊರಬರಬೇಕೆನ್ನುವವರು ತಮ್ಮ ಬೆಲೆ ಕಟ್ಟಿಸಿಕೊಂಡು, ತಮ್ಮನ್ನು ತಾವೇ ಕೊಂಡುಕೊಳ್ಳಬೇಕಿತ್ತು. ಒಡೆಯನಿಗೆ ಒಮ್ಮೆ ಸರ್ಕಾರದ ಹಣ, ಇನ್ನೊಮ್ಮೆ ಆಳಿನ ಹಣ. 1838ರಲ್ಲಿ ಈ ವ್ಯವಸ್ಥೆ ಮುಗಿಯುವವರೆಗೂ ‘ಬೈ ಔಟ್’ ಎಂಬ ಮಾತಿನ ಒಳಗೆ ಅಡಗಿರುವ ಊಹೆ ಬಯಲಾಗಿಯೇ ಇತ್ತು: ಹಣ ಪಡೆಯುವವನಿಗೆ ಅದನ್ನು ಪಡೆಯುವ ಹಕ್ಕಿದೆ ಎಂಬ ಊಹೆ.

ಇದಕ್ಕೆ ಅತ್ಯಂತ ಸಮರ್ಥವಾದ ಎದುರುತ್ತರ ಕೊಟ್ಟವನು ಸ್ವತಃ ಬಿಡುಗಡೆಯಾದವನೇ. ಓಡಿಬಂದ ಗುಲಾಮ ಫ್ರೆಡರಿಕ್ ಡಗ್ಲಸ್ ಬ್ರಿಟನ್‌ನಲ್ಲಿ ಭಾಷಣ ಮಾಡುತ್ತಿದ್ದಾಗ, 1846ರಲ್ಲಿ, ಅಲ್ಲಿನ ಗೆಳೆಯರು 150 ಪೌಂಡ್ ಕೂಡಿಸಿ ಒಡೆಯನಿಂದ ಅವನ ಸ್ವಾತಂತ್ರ್ಯವನ್ನು ಕೊಂಡರು. ಗುಲಾಮಗಿರಿ ವಿರೋಧಿಗಳಲ್ಲೇ ಕೆಲವರು ಕೆರಳಿದರು: ಹಣ ಕೊಟ್ಟರೆ ಮನುಷ್ಯ ಮಾರಾಟದ ಸರಕು ಎಂದು ಒಪ್ಪಿದಂತಾಗಲಿಲ್ಲವೇ? ಡಗ್ಲಸ್ ಒಪ್ಪಲಿಲ್ಲ. ದರೋಡೆಕೋರನಿಗೆ ಹಣ ಕೊಟ್ಟು ಜೀವ ಉಳಿಸಿಕೊಂಡವನು ದರೋಡೆಯನ್ನು ಸಮರ್ಥಿಸಿದಂತಲ್ಲ ಎಂಬುದು ಅವನ ವಾದದ ತಿರುಳು. ಅವನ ಮಾತು ಸರಿ, ಅದರಿಂದ ನನ್ನ ವಾದಕ್ಕೆ ಬಲವೇ ಬರುತ್ತದೆ. ಹಕ್ಕುದಾರನಿಗೆ ಕೊಟ್ಟ ಬೆಲೆ ಬೇರೆ, ಕಳ್ಳನಿಗೆ ಕೊಟ್ಟ ಹಣ ಬೇರೆ ಎಂದು ಹೇಳಲು ಅವನು ಒಂದು ದೀರ್ಘ ಪತ್ರವನ್ನೇ ಬರೆಯಬೇಕಾಯಿತು. ಕ್ರಿಯಾಪದಕ್ಕೆ ಆ ಭೇದ ತಿಳಿಯದು. ಅದು ಎರಡಕ್ಕೂ ಒಂದೇ ರಸೀದಿ ಕೊಡುತ್ತದೆ.

ಇಷ್ಟಾದ ಮೇಲೆ ಭಾಷಾಶಾಸ್ತ್ರ ಬಲ್ಲವರು ಕೇಳಬಹುದು: ಪದದ ಹಳೆಯ ಅರ್ಥದಿಂದ ಇಂದಿನ ಬಳಕೆಯನ್ನು ಅಳೆಯುವುದು ತಪ್ಪಲ್ಲವೇ, ಷೇರು ಕೊಳ್ಳುವವನಿಗೂ ಫಾಲ್‌ಸ್ಟಾಫನಿಗೂ ಏನು ನಂಟು? ಆಡುವವರ ಮನಸ್ಸಿನಲ್ಲಿ ನಂಟಿಲ್ಲ, ನಿಜ. ನಾನು ನೋಡುತ್ತಿರುವುದು ವಾಕ್ಯದ ಕಟ್ಟನ್ನು. ಹಳೆಯ ಬಳಕೆಯಲ್ಲಿ ಹಣ ಕೊಟ್ಟವನ ಕಡೆಯವನೇ ಹೊರಬರುತ್ತಿದ್ದ. ವ್ಯಾಪಾರದ ಬಳಕೆಯಲ್ಲಿ ಹಣ ಪಡೆದ ಪಾಲುದಾರ ಹೊರಹೋಗುತ್ತಾನೆ. ಹೊರನಡೆದವನು ಬದಲಾದರೂ ಎರಡರಲ್ಲೂ ಕೊಳ್ಳುತ್ತಿರುವುದು ವಸ್ತುವನ್ನಲ್ಲ, ಒಬ್ಬನ ಮೇಲೋ ಒಂದರ ಮೇಲೋ ಇನ್ನೊಬ್ಬನಿಗಿರುವ ಹಿಡಿತವನ್ನು. ಉಳಿದವರ ವಿಷಯದಲ್ಲಿ ಮೌನವೂ ಹಾಗೆಯೇ ಇದೆ. 1988ರಲ್ಲಿ ಆರ್‌ಜೆಆರ್ ನಬಿಸ್ಕೊ ಕಂಪನಿಯನ್ನು ಸುಮಾರು 2,500 ಕೋಟಿ ಡಾಲರಿಗೆ ಕೊಳ್ಳುವ ಒಪ್ಪಂದವಾದಾಗ ಹಣದ ಬಹುಪಾಲು ಸಾಲದ್ದು. ಇಂಥ ವ್ಯವಹಾರದಲ್ಲಿ ಆ ಸಾಲ ಕಂಪನಿಯನ್ನು ಕೊಂಡವನ ತಲೆಗೆ ಬರುವುದಿಲ್ಲ, ಮಾರಾಟವಾದ ಕಂಪನಿಯ ತಲೆಗೇ ಕಟ್ಟುತ್ತದೆ. ಷೇರುದಾರ ಹಣ ಎಣಿಸಿಕೊಂಡು ಹೊರಟ ಮೇಲೆ ಬಡ್ಡಿಯ ಹೊರೆಯ ಕೆಳಗೆ ದುಡಿಯುವವರು ಒಳಗೇ ಇರುತ್ತಾರೆ.

ಹಣ ಕೊಡದೆ ಬಿಡುಗಡೆ ಸಾಧ್ಯವೇ ಎಂಬುದು ಕೊನೆಯ, ಎಲ್ಲಕ್ಕಿಂತ ತೂಕದ ಆಕ್ಷೇಪ. ಬ್ರಿಟನ್ ಹಣ ಕೊಟ್ಟು ಮುಗಿಸಿತು, ಅಮೆರಿಕ ಆರು ಲಕ್ಷಕ್ಕೂ ಹೆಚ್ಚು ಸೈನಿಕರ ಪ್ರಾಣ ತೆತ್ತಿತು, ಯಾವುದು ಮೇಲು ಎಂದು ಕೇಳಿದರೆ ಸುಲಭದ ಉತ್ತರವಿಲ್ಲ. ಆದರೆ ಇವೆರಡೇ ದಾರಿಗಳಲ್ಲ. ನಮ್ಮ ದೇಶದ 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಜೀತದ ಸಾಲವನ್ನು ತೀರಿಸುವ ಏರ್ಪಾಟು ಮಾಡಲಿಲ್ಲ, ಸಾಲವೇ ಇಲ್ಲವೆಂದಿತು. ರದ್ದಾದ ಆ ಸಾಲದ ಲೆಕ್ಕಕ್ಕೆ ಧಣಿ ಹಣ ಪಡೆದರೆ ಮೂರು ವರ್ಷದವರೆಗೆ ಸೆರೆ ಎಂದು ಬರೆಯಿತು. ಆಚರಣೆಯಲ್ಲಿ ಅದು ಎಷ್ಟೋ ಕಡೆ ಸೋತಿದೆ. ಆದರೂ ಡಗ್ಲಸ್ ಪತ್ರ ಬರೆದು ತೋರಿಸಬೇಕಾದ ಭೇದವನ್ನು ಅದು ಕಾನೂನಿನ ಭಾಷೆಯಲ್ಲೇ ಹೇಳಿತು: ಇಲ್ಲಿ ಬೆಲೆ ಪಡೆಯುವುದೇ ಅಪರಾಧ. ಕನ್ನಡದ ‘ಬಿಡಿಸು’ ಎಂಬ ಕ್ರಿಯಾಪದ ಇಂಥ ಬಿಡುಗಡೆಗೂ ಒದಗುತ್ತದೆ. ಅಡವಿಟ್ಟ ಒಡವೆಯನ್ನೂ ಬಿಡಿಸುತ್ತೇವೆ, ಜೀತದ ಆಳನ್ನೂ ಬಿಡಿಸುತ್ತೇವೆ. ಬೆಲೆ ಇದ್ದಲ್ಲಿ ‘ದುಡ್ಡು ಕಟ್ಟಿ’ ಎಂದು ಬೇರೆಯಾಗಿ ಹೇಳಬೇಕು. ಇದು ಕನ್ನಡದ ಹಿರಿಮೆಯೇನಲ್ಲ, ಇಂಗ್ಲಿಷಿನಲ್ಲೂ ಬೆಲೆಯಿಲ್ಲದ ಬಿಡುಗಡೆಗೆ ಪದಗಳಿವೆ. ಆದರೆ ‘ಬೈ ಔಟ್’ ಎಂದ ಕೂಡಲೇ ‘ದುಡ್ಡು ಯಾರಿಗೆ, ಯಾಕೆ ಕಟ್ಟಬೇಕು’ ಎಂಬ ಪ್ರಶ್ನೆಗೆ ಎಡೆಯಿಲ್ಲದಂತಾಗುತ್ತದೆ. ನೋಟಿಸ್ ಪೀರಿಯಡ್ ಕೊಂಡು ಹೊರಟ ಎಂಜಿನಿಯರನ ವಿಷಯದಲ್ಲೂ ಅಷ್ಟೆ: ಅವನ ಎರಡು ತಿಂಗಳ ಬೆಲೆ ರಸೀದಿಯಲ್ಲಿದೆ, ಆ ಎರಡು ತಿಂಗಳ ಕೆಲಸ ಪಕ್ಕದ ಕುರ್ಚಿಯವರ ಮೇಜಿನ ಮೇಲಿದೆ.